ಒಂದೇ ಬೋರ್ಡು, ಹತ್ತಾರು ತಲೆ

ಪ್ರಶ್ನೆ: ಸರ್, ಎಐನಲ್ಲಿ ಬ್ಲ್ಯಾಕ್‌ಬೋರ್ಡ್ ಆರ್ಕಿಟೆಕ್ಚರ್ ಅಂತಾರಲ್ಲ, ಏನದು? ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡ್ಕೊಳ್ತವಾ?

ಉತ್ತರ: ನೇರವಾಗಿ ಮಾತೇ ಆಡಲ್ಲ ಕಣ್ರೀ, ಅದೇ ಅದರ ಮಜಾ. ಎಲ್ಲಕ್ಕೂ ಕಾಣೋ ಒಂದು ಡೇಟಾ ಜಾಗ ಇರತ್ತೆ, ಅದೇ ಬೋರ್ಡು, ಒಂದೊಂದು ವಿಷ್ಯ ಮಾತ್ರ ಗೊತ್ತಿರೋ ಪ್ರೋಗ್ರಾಂಗಳು ಅದನ್ನೇ ನೋಡ್ತಾ ಇರ್ತವೆ, ತಮ್ಮ ಕೆಲಸದ್ದು ಕಂಡ್ರೆ ಊಹೆ ಬರೀತವೆ, ಇನ್ನೊಂದು ಬಂದು ಅದನ್ನ ಮುಂದುವರಿಸತ್ತೆ ಇಲ್ಲಾ ತಳ್ಳಿಹಾಕತ್ತೆ.

1970ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿ ಮಾಡಿದ ಹಿಯರ್‌ಸೇ-2 ಅನ್ನೋ ಸಿಸ್ಟಮ್ ಇದಕ್ಕೆ ಫೇಮಸ್ಸು, ಸುಮಾರು 1000 ಪದಗಳೊಳಗಿನ ಮಾತು ಅರ್ಥ ಮಾಡ್ಕೊಳ್ತಿತ್ತು. ಅದರ ಬೋರ್ಡಲ್ಲಿ ಕೆಳಗಿಂದ ಮೇಲಕ್ಕೆ ಧ್ವನಿ, ಉಚ್ಚಾರಾಂಶ, ಪದ, ಪದಗುಚ್ಛ ಅಂತ ಹಂತಗಳು. ಕೆಳಗಿಂದ ಪದ ಸರಿಯಾಗಿ ಸಿಗದಿದ್ರೆ ವ್ಯಾಕರಣ ಗೊತ್ತಿರೋ ಪ್ರೋಗ್ರಾಂ ಮೇಲಿಂದ 'ಇಲ್ಲಿ ಈ ಪದ ಇರಬಹುದು, ಚೆಕ್ ಮಾಡಿ' ಅಂತ ಬರೆಯತ್ತೆ.

ತಲೆನೋವು ಏನಂದ್ರೆ ಒಂದೇ ಸಲ ಹತ್ತಾರು ಪ್ರೋಗ್ರಾಂ ರೆಡಿ ಆದ್ರೆ ಚಾನ್ಸ್ ಯಾರಿಗೆ ಅನ್ನೋದು. ಅದನ್ನ ತೀರ್ಮಾನಿಸೋದು ಶೆಡ್ಯೂಲರ್, ನನ್ ಪ್ರಕಾರ ಅಸಲಿ ಬುದ್ಧಿ ಇರೋದೇ ಅಲ್ಲಿ (ಪ್ರೊಸೆಸಿಂಗ್ ಟೈಮ್ ತಿನ್ನೋದೂ ಅಲ್ಲೇ ಬಿಡಿ). ಹಂತಗಳು ಮೊದಲೇ ಫಿಕ್ಸ್ ಇರೋ ಕೆಲಸಕ್ಕೆ ಇದು ಬೇಡ, ಯಾವ ಆರ್ಡರಲ್ಲಿ ಬಿಡಿಸ್ಬೇಕು ಅಂತಾನೇ ಗೊತ್ತಿಲ್ದಿದ್ರೆ ಟ್ರೈ ಮಾಡಿ.