ಔಟ್‌ಬ್ಯಾಕ್‌ನಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್? ಮತ್ತೆ ಅದೇ ಪ್ರಶ್ನೆ!

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೂತು ಔಟ್‌ಬ್ಯಾಕ್, ಅಂದರೆ ಇಲ್ಲಿನ ಒಣ ಒಳನಾಡಿನ ಪ್ರವಾಸಕ್ಕೆ ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಬೆಂಗಳೂರು, ಮೈಸೂರು, ಮೆಲ್ಬರ್ನ್, ಎಲ್ಲ ಕಡೆಯಿಂದ ಪ್ರಶ್ನೆಗಳು ಶುರು. ಊರು ಬೇರೆ, ಪ್ರಶ್ನೆ ಒಂದೇ. ವೀಸಾ, ಬಟ್ಟೆ, ಕ್ಯಾಮೆರಾ ಬಗ್ಗೆ ನನ್ನನ್ನು ಕೇಳಬೇಡಿ, ಅದಕ್ಕೆ ಬೇರೆಯವರಿದ್ದಾರೆ.

ಪ್ರಶ್ನೆ: ನಾವು ನಾಲ್ಕು ಜನ. ಜೂನ್‌ನಲ್ಲಿ ಆರು ದಿನ ರಜೆ ಇದೆ. ಅಡಿಲೇಡ್‌ನಲ್ಲಿ ಬಾಡಿಗೆ ಕಾರು ಹಿಡಿದು, ದಾರಿಯ ಸಣ್ಣ ಊರುಗಳನ್ನು ನೋಡುತ್ತಾ, ಆರಾಮಾಗಿ ಉಲುರು ಅನ್ನುವ ದೊಡ್ಡ ಕೆಂಪು ಬಂಡೆಗೆ ಹೋಗಿ ಬರಬೇಕು. ಇಬ್ಬರು ಡ್ರೈವರ್ ಇದ್ದೇವೆ. ದಿನಕ್ಕೆ 550 ಕಿ.ಮೀ. ಕಷ್ಟವೇನಲ್ಲ ಅಲ್ವಾ?

ಉತ್ತರ: ‘ಆರಾಮಾಗಿ’ ಅಂತ ಬರೆದ ಕೈಯಲ್ಲೇ 550 ಅಂತಲೂ ಬರೆದಿದ್ದೀರಿ. ಅಡಿಲೇಡ್‌ನಿಂದ ಉಲುರು ಸುಮಾರು 1,600 ಕಿ.ಮೀ. ಹೋಗಿ ಬಂದರೆ 3,200. ಬೆಂಗಳೂರಿನಿಂದ ದೆಹಲಿ ಮುಟ್ಟಿ, ಅಲ್ಲಿಂದ ಇನ್ನೊಂದು ಸಾವಿರ ಓಡಿಸಿದ ಹಾಗೆ. ಇದರಲ್ಲಿ ಸಣ್ಣ ಊರು ನೋಡುವುದು ಯಾವಾಗ? ಪೆಟ್ರೋಲ್ ಹಾಕಿಸುವಾಗಲಾ?

ರಸ್ತೆ ಚೆನ್ನಾಗಿದೆ, ಟ್ರಾಫಿಕ್ ಇಲ್ಲ ಅನ್ನುತ್ತೀರಿ. ಹೌದು, ಆ ಕಡೆ ಹೋಗುವ ಸ್ಟುವರ್ಟ್ ಹೈವೇ ಪೂರ್ತಿ ಟಾರು. ತೊಂದರೆ ರಸ್ತೆಯದ್ದಲ್ಲ, ಬೆಳಕಿನದ್ದು. ಜೂನ್ ಅಂದರೆ ಇಲ್ಲಿ ಚಳಿಗಾಲ. ಸಂಜೆ ಐದೂವರೆ, ಆರಕ್ಕೆಲ್ಲ ಕತ್ತಲು. ಕಾಂಗರೂಗಳು ಮೇಯಲು ಹೊರಡುವುದು ಅದೇ ಹೊತ್ತಿಗೆ, ಬೆಳಗಿನ ಜಾವದಲ್ಲೂ ಹಾಗೇ. ನಮ್ಮ ಎಮ್ಮೆಯ ಹಾಗೆ ನಿಂತು ನೋಡುವ ಪ್ರಾಣಿ ಅದಲ್ಲ. ಎಡಕ್ಕೆ ಹೋಗುತ್ತದೆ ಅಂದುಕೊಂಡರೆ ಬಲಕ್ಕೆ ಹಾರಿ ಬಂಪರ್‌ಗೇ ಬರುತ್ತದೆ. ಅದಕ್ಕೇ ಬೆಳಗ್ಗೆ ಎಂಟಕ್ಕೆ ಮೊದಲು ಹೊರಡಬೇಡಿ, ಸಂಜೆ ನಾಲ್ಕೂವರೆಗೆ ಊರು ಸೇರಿರಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ತುಂಬಾ ವರ್ಷದ ಹಿಂದೆ ಹಾಕರ್ ಅನ್ನುವ ಊರು ದಾಟಿ, ‘ಇನ್ನು ನಲವತ್ತೇ ಕಿಲೋಮೀಟರ್’ ಅಂತ ಮುಸ್ಸಂಜೆಯಲ್ಲಿ ಒತ್ತಿದೆ. ಒಂದು ಕಾಂಗರೂ ಬಂತು, ರೇಡಿಯೇಟರ್ ಒಡೀತು. ಮೂರು ಗಂಟೆ ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತೆ. ಕೊನೆಗೆ ಕುರಿ ಸಾಕುವವರೊಬ್ಬರು ಬಂದು ಎಳೆದುಕೊಂಡು ಹೋದರು. ಬಾಡಿಗೆ ಕಂಪನಿಯವರು ಒಪ್ಪಂದದ ಸಣ್ಣ ಅಕ್ಷರ ತೋರಿಸಿದರು: ಊರಾಚೆ ಕತ್ತಲಲ್ಲಿ ಪ್ರಾಣಿಗೆ ಗುದ್ದಿದರೆ ವಿಮೆ ಇಲ್ಲ. ಪೂರ್ತಿ ದುಡ್ಡು ನನ್ನ ಜೇಬಿಂದಲೇ ಹೋಯಿತು. ನಿಮ್ಮ ಒಪ್ಪಂದದಲ್ಲಿ ಈ ಸಾಲು ಇದೆಯಾ, ಮಣ್ಣಿನ ರಸ್ತೆಗೆ ಇಳಿಯಲು ಬಿಡುತ್ತಾರಾ ನೋಡಿ. ಈ ಎರಡನ್ನು ನೋಡದೆ ಸಹಿ ಹಾಕಬೇಡಿ.

ಆರೇ ದಿನವಾದರೆ ಉಲುರು ಬಿಡಿ. ಅದನ್ನು ಇನ್ನೊಮ್ಮೆ ವಿಮಾನದಲ್ಲಿ ಹೋಗಿ ನೋಡಿ. ಈ ಸಲ ಅಡಿಲೇಡ್‌ನ ಉತ್ತರಕ್ಕಿರುವ ಫ್ಲಿಂಡರ್ಸ್ ಬೆಟ್ಟಸಾಲಿನ ಊರುಗಳಿಗೆ ಹೋಗಿ.

ಮೊದಲ ದಿನ ಮೆಲ್ರೋಸ್‌ನಲ್ಲಿ ಕಾಲು ಚಾಚಿ ಕ್ವೋರ್ನ್ ಸೇರಿ. ಒಟ್ಟು 340 ಕಿ.ಮೀ. ಆಗಬಹುದು, ಈ ಪ್ರವಾಸದಲ್ಲಿ ಹೋಗುವಾಗಿನ ದೊಡ್ಡ ಓಟ ಇದೇ. ಕ್ವೋರ್ನ್‌ನಲ್ಲಿ ಎರಡು ರಾತ್ರಿ ಇರಿ. ಅಗಲವಾದ ಬೀದಿ, ಎದುರಿಗೆ ಹಳೇ ರೈಲ್ವೆ ಸ್ಟೇಷನ್, ಅದರ ಎದುರು ಸಾಲಾಗಿ ಹಳೇ ಹೋಟೆಲುಗಳು. ಪಿಚಿ ರಿಚಿ ಕಣಿವೆಯಲ್ಲಿ ಹಬೆ ರೈಲು ಓಡುವ ದಿನ ನೋಡಿಕೊಂಡು ಹೋಗಿ. ಆಮೇಲೆ ಹಾಕರ್, ವಿಲ್ಪೀನಾ, ಕಾಪ್ಲಿ. ಕಾಪ್ಲಿಯಲ್ಲಿ ಕ್ವಾಂಡಾಂಗ್ ಅನ್ನುವ ಕೆಂಪು ಕಾಡುಹಣ್ಣಿನ ಪೈ ಸಿಗುತ್ತದೆ, ಹುಳಿ ಇಷ್ಟವಿರುವವರಿಗೆ ಹಬ್ಬ. ಲಿಂಡ್‌ಹರ್ಸ್ಟ್‌ವರೆಗೆ ಟಾರು ರಸ್ತೆ.

ಅಲ್ಲಿಂದ 26 ಕಿ.ಮೀ. ಉತ್ತರಕ್ಕೆ ಫರೀನಾ. ಜನ ಬಿಟ್ಟು ಹೋದ ಊರು. ನಾನು ಕಳಿಸಿದವರೆಲ್ಲ ‘ಅಲ್ಲೇನಿದೆ?’ ಅಂತ ಮೂಗು ಮುರಿಯುತ್ತಾರೆ. ಅಲ್ಲಿರುವುದು ಒಂದು ತಪ್ಪು ಲೆಕ್ಕದ ಅವಶೇಷ. 1865ರಲ್ಲಿ ಸರ್ವೇಯರ್ ಜನರಲ್ ಜಾರ್ಜ್ ಗೋಯ್ಡರ್ ಭೂಪಟದಲ್ಲಿ ಒಂದು ಗೆರೆ ಎಳೆದ. ಇದರ ಉತ್ತರಕ್ಕೆ ಮಳೆ ನಂಬಿ ಬಿತ್ತಬೇಡಿ ಅಂದ. ನಡುವೆ ಒಂದಷ್ಟು ವರ್ಷ ಮಳೆ ಚೆನ್ನಾಗಿ ಬಂತು. ‘ನೇಗಿಲು ಹೋದಲ್ಲಿ ಮಳೆ ಹಿಂದೆಯೇ ಬರುತ್ತದೆ’ ಅನ್ನುವ ಪಂಡಿತರೂ ಹುಟ್ಟಿಕೊಂಡರು. ಗೆರೆ ದಾಟಿ ಎಷ್ಟೋ ದೂರದಲ್ಲಿ, 1878ರಲ್ಲಿ ಊರು ಕಟ್ಟಿ, ಗೋಧಿ ಬೆಳೆಯುವ ಆಸೆಯಿಂದ ಫರೀನಾ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಿಟ್ಟು ಅಂತ ಅರ್ಥ. ಬರ ಬಂತು, ಹಿಟ್ಟು ಬರಲಿಲ್ಲ. ಈಗ ಕಲ್ಲಿನ ಗೋಡೆಗಳಿವೆ, ಚಾವಣಿ ಇಲ್ಲ. ಆದರೆ ನೆಲದೊಳಗಿನ ಹಳೇ ಬೇಕರಿ ಒಲೆ ಇನ್ನೂ ಗಟ್ಟಿಯಾಗಿದೆ. ಚಳಿಗಾಲದಲ್ಲಿ ಕೆಲವು ವಾರ ಸ್ವಯಂಸೇವಕರು ಬಂದು ಅದನ್ನು ಹಚ್ಚುತ್ತಾರೆ. ಮೆಟ್ಟಿಲ ಬಳಿ ನಿಂತರೆ ಕೆಳಗಿಂದ ಬಿಸಿ ಬ್ರೆಡ್ಡಿನ ವಾಸನೆ, ಮೇಲೆ ಕೆಂಪು ಧೂಳಿನ ಗಾಳಿ. ಗಂಟೆಗೆ 110ರಲ್ಲಿ ಹೋಗುವವನಿಗೆ ಇದು ಕಾಣುತ್ತದಾ?

ಲಿಂಡ್‌ಹರ್ಸ್ಟ್‌ನಿಂದ 80 ಕಿ.ಮೀ.ಗೆ ಮಾರೀ ಅನ್ನುವ ಊರು. ಅಲ್ಲಿಂದ ಹಿಂದಿರುಗಿ, ವಾಪಸು ಬರಲು ಎರಡು ದಿನ ಇಟ್ಟುಕೊಳ್ಳಿ. ಲಿಂಡ್‌ಹರ್ಸ್ಟ್ ದಾಟುವ ಮುಂಚೆ ಸರ್ಕಾರದ ರಸ್ತೆ ವರದಿ ನೋಡಿ. ಒಂದು ಮಳೆ ಬಿದ್ದರೆ ಮಣ್ಣಿನ ದಾರಿ ಮುಚ್ಚುತ್ತಾರೆ. ‘ರೋಡ್ ಕ್ಲೋಸ್ಡ್’ ಬೋರ್ಡ್ ಪಕ್ಕದಲ್ಲಿ ನುಸುಳುವುದು ನಮ್ಮೂರ ಬುದ್ಧಿ, ಇಲ್ಲಿ ಅದಕ್ಕೆ ದಂಡ ಬೀಳುತ್ತದೆ.

ಪ್ರಶ್ನೆ: ಕಾರು ಕೆಟ್ಟರೆ ನಡೆದು ಹೋಗಿ ಸಹಾಯ ತರಬಹುದಾ? ನೀರು ಮುಗಿದರೆ ರೇಡಿಯೇಟರ್ ನೀರು ಕುಡಿಯಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಉತ್ತರ: ಆ ವಿಡಿಯೋ ಮಾಡಿದವನಿಗೇ ಮೊದಲು ಒಂದು ಲೋಟ ಕುಡಿಸಬೇಕು! ರೇಡಿಯೇಟರ್‌ನಲ್ಲಿ ಇರುವುದು ಎಂಜಿನ್ ತಣ್ಣಗಿಡುವ ಕೂಲಂಟ್, ಅದು ವಿಷ. ಪಾಪಾಸುಕಳ್ಳಿ ಕೊಯ್ದು ನೀರು ಹಿಂಡುವ ಇನ್ನೊಬ್ಬ ಜಾಣನೂ ಇದ್ದಾನೆ. ಆಸ್ಟ್ರೇಲಿಯಾದ ಸ್ವಂತ ಕಳ್ಳಿ ಜಾತಿ ಒಂದೂ ಇಲ್ಲ, ಇರುವುದೆಲ್ಲ ಹೊರಗಿಂದ ಬಂದ ಕಳೆ. ತಲೆಗೆ ದಿನಕ್ಕೆ 10 ಲೀಟರ್‌ನಂತೆ ನೀರು ಕಾರಿನಲ್ಲಿಡಿ. ಜಾಸ್ತಿ ಆಯಿತು ಅಂತ ಯಾರೂ ನನಗೆ ಬೈದಿಲ್ಲ.

ಕಾರು ಬಿಟ್ಟು ಹೋಗಲೇಬೇಡಿ. 1963ರ ಡಿಸೆಂಬರ್‌ನಲ್ಲಿ, ಮಾರೀಯಿಂದ ಹೊರಡುವ ಬರ್ಡ್ಸ್‌ವಿಲ್ ಟ್ರ್ಯಾಕ್ ಅನ್ನುವ ಮಣ್ಣಿನ ದಾರಿಯಲ್ಲಿ ಒಂದು ಕುಟುಂಬದ ಕಾರಿಗೆ ಪೆಟ್ರೋಲ್ ಮುಗಿಯಿತು. ಅವರು ಕಾರು ಬಿಟ್ಟು ನಡೆದರು. ಐದೂ ಜನ ಸತ್ತರು. ಹುಡುಕುವ ವಿಮಾನಕ್ಕೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಊರು ದಾಟಿದರೆ ಫೋನ್ ಸಿಗ್ನಲ್ ಇರುವುದಿಲ್ಲ, ಸ್ಯಾಟಲೈಟ್ ಫೋನ್ ಬಾಡಿಗೆಗೆ ತಗೊಳ್ಳಿ. ಮುಂದಿನ ಊರಿನಲ್ಲಿ ಯಾರಿಗಾದರೂ ‘ಇಷ್ಟು ಗಂಟೆಗೆ ಬರುತ್ತೇನೆ’ ಅಂತ ಹೇಳಿಡಿ, ತಲುಪಿದ ಮೇಲೆ ತಿಳಿಸುವುದನ್ನು ಮರೆಯಬೇಡಿ. ಇಲ್ಲಾಂದ್ರೆ ನಿಮ್ಮನ್ನು ಹುಡುಕಲು ಸುಮ್ನೆ ಜನ ಹೊರಡುತ್ತಾರೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ. ಹೋಗಬಹುದಾ?

ಉತ್ತರ: ಬೇಡ. ಇದೇ ಸೀಮೆಯ ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ.

ಪ್ರಶ್ನೆ: ಬಂಪರ್‌ಗೆ ಕಾಂಗರೂ ಓಡಿಸುವ ವಿಸಿಲ್ ಹಾಕಿಸಲಾ?

ಉತ್ತರ: ಅದರ ದುಡ್ಡಿನಲ್ಲಿ ಪೈ ತಿನ್ನಿ.

ಪ್ರಶ್ನೆ: ಉಲುರು ಹತ್ತಲು ಟಿಕೆಟ್ ಎಷ್ಟು?

ಉತ್ತರ: 2019ರ ಅಕ್ಟೋಬರ್ 26ರಿಂದ ಹತ್ತುವಂತಿಲ್ಲ. ಸುತ್ತ ಹತ್ತು ಕಿಲೋಮೀಟರ್ ನಡೆಯಿರಿ.

ಪ್ರಶ್ನೆ: ಎದುರು ಬರುವ ಡ್ರೈವರ್‌ಗಳು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಬೈಯುತ್ತಿದ್ದಾರಾ?

ಉತ್ತರ: ಎತ್ತಿದ್ದು ತೋರುಬೆರಳಾದರೆ ಅದು ನಮಸ್ಕಾರ. ನೀವೂ ಎತ್ತಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಉತ್ತರ: ರೋಡ್‌ಹೌಸ್‌ಗಳಲ್ಲಿ, ಅಂದರೆ ಪೆಟ್ರೋಲ್ ಬಂಕಿನ ಜೊತೆಗಿರುವ ಹೋಟೆಲುಗಳಲ್ಲಿ, ಚಿಪ್ಸ್ ಮತ್ತು ಚೀಸ್ ಟೋಸ್ಟ್. ಮೂರನೇ ದಿನ ಎರಡೂ ಬೇಡ ಅನಿಸುತ್ತದೆ. ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯಿರಿ. ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇದ್ದರೆ ಸಾಕು. ಭಾರತದಿಂದ ತಿನ್ನುವ ವಸ್ತು ಏನೇ ತಂದರೂ ವಿಮಾನದಲ್ಲಿ ಕೊಡುವ ಘೋಷಣೆ ಕಾರ್ಡಿನಲ್ಲಿ ಬರೆಯಿರಿ. ಹಸಿ ಕರಿಬೇವು ತರಲೇಬೇಡಿ, ಅಮ್ಮ ಎಷ್ಟೇ ಒತ್ತಾಯ ಮಾಡಿದರೂ. ಅದು ಅಡಿಲೇಡ್‌ನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಕಟ್ಟು ಜಾಸ್ತಿ ತಗೊಳ್ಳಿ. ಕ್ಯಾರವಾನ್ ಪಾರ್ಕಿನಲ್ಲಿ ಒಗ್ಗರಣೆ ಹಾಕಿದಾಗ ಪಕ್ಕದವರು ಎರಡು ಸಲ ನನ್ನ ಬಾಗಿಲಿಗೆ ತಟ್ಟೆ ಹಿಡಿದು ಬಂದಿದ್ದಾರೆ.