ನಲವತ್ತರ ಹತ್ತಿರ ಜಿಂಕೆ ಬೇಟೆ ಕಲಿಯಬಹುದೇ? ಯಾವ ರೈಫಲ್ ಕೊಳ್ಳಲಿ?

ಖಂಡಿತ ಕಲಿಯಬಹುದು. ನೀವು ವಿಸ್ಕಾನ್ಸಿನ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದೀರಿ, ಕೋವಿ ಮುಟ್ಟಿದವರಲ್ಲ, ನವೆಂಬರ್ ಬಂದರೆ ಅರ್ಧ ಆಫೀಸು ಖಾಲಿಯಾಗುವುದನ್ನು ನೋಡಿ ನಿಮಗೂ ಆಸೆ ಹುಟ್ಟಿದೆ ಎಂದು ಬರೆದಿದ್ದೀರಿ. ನಾನು ಸಕಲೇಶಪುರದ ಕಡೆಯವನು. ಇಲ್ಲಿಗೆ ಬಂದು, ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಬೇಟೆ ಕಲಿತೆ. ನನ್ನ ಸಲಹೆ ಇಷ್ಟೇ: ಈ ವರ್ಷ ರೈಫಲ್ ಕೊಳ್ಳಬೇಡಿ. ಬೇರೆಯವರು ಹೊಡೆದ ಜಿಂಕೆಯನ್ನು ಕೊಯ್ಯಲು ಹೋಗಿ ಕೈಜೋಡಿಸಿ.

ಅದಕ್ಕೂ ಮೊದಲು ವೀಸಾದ ವಿಷಯ, ಏಕೆಂದರೆ ಅಮೆರಿಕನ್ ಗೆಳೆಯರಿಗೆ ಇದು ಹೊಳೆಯುವುದೇ ಇಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ನಮಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಆದ್ದರಿಂದ 'ಬಾ, ನನ್ನ ಗನ್ ಹಿಡಿದು ನೋಡು' ಎಂದು ಸಹೋದ್ಯೋಗಿ ಪ್ರೀತಿಯಿಂದ ಕರೆದರೂ ಪರವಾನಗಿ ಕೈಗೆ ಬರುವವರೆಗೆ ಮುಟ್ಟಬೇಡಿ. ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿಬಿಡಿ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತೊಡಕಿಲ್ಲ. ಬಿಲ್ಲು ಮತ್ತು ಕ್ರಾಸ್‌ಬೋ ಈ ಕಾನೂನಿನ ಲೆಕ್ಕದಲ್ಲಿ ಬಂದೂಕು ಅಲ್ಲ ಎಂಬುದನ್ನೂ ನೆನಪಿನಲ್ಲಿಡಿ.

1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ವಿಸ್ಕಾನ್ಸಿನ್ ಸಾಮಾನ್ಯವಾಗಿ ಹಂಟರ್ ಎಜುಕೇಶನ್ ಪ್ರಮಾಣಪತ್ರವಿಲ್ಲದೆ ಪರವಾನಗಿ ಕೊಡುವುದಿಲ್ಲ. ತರಗತಿಯಲ್ಲಿ ಹನ್ನೆರಡು ವರ್ಷದ ಮಕ್ಕಳ ಪಕ್ಕದಲ್ಲಿ ಕೂರಬೇಕಾಗಬಹುದು, ಅವರು ನಿಮಗಿಂತ ಬೇಗ ಉತ್ತರ ಹೇಳುತ್ತಾರೆ, ನಾಚಿಕೊಳ್ಳಬೇಡಿ. ರಾಜ್ಯದ ಅರಣ್ಯ-ವನ್ಯಜೀವಿ ಇಲಾಖೆಯ 'ಲರ್ನ್ ಟು ಹಂಟ್' ಕಾರ್ಯಕ್ರಮ ಹೊಸಬರಿಗೆಂದೇ ಇದೆ. ಅನುಭವಿಯೊಬ್ಬರು ಜೊತೆಗಿದ್ದು ಕಲಿಸುತ್ತಾರೆ.

ಈಗ ಕೊಯ್ಯುವ ಮಾತು. ಜಿಂಕೆ ಬಿದ್ದ ಜಾಗದಲ್ಲೇ ಅದನ್ನು ಅಂಗಾತ ಮಲಗಿಸಿ ಕರುಳು ತೆಗೆಯಬೇಕು. ತಡಮಾಡಿದರೆ ಒಳಗಿನ ಬಿಸಿಗೆ ಮಾಂಸ ಕೆಡುತ್ತದೆ. ಹೊಟ್ಟೆಯ ಚರ್ಮವನ್ನು ಚಿಕ್ಕದಾಗಿ ಸೀಳಿ, ಎಡಗೈಯ ಎರಡು ಬೆರಳು ಒಳಗೆ ತೂರಿಸಿ, ಚರ್ಮವನ್ನು ಮೇಲಕ್ಕೆತ್ತಿ, ಅವುಗಳ ನಡುವೆ ಚಾಕುವಿನ ಬಾಯಿ ಮೇಲ್ಮುಖವಾಗಿರುವಂತೆ ಎದೆಗೂಡಿನವರೆಗೆ ಸರಿಸುತ್ತಾ ಹೋಗಬೇಕು. ಬೆರಳು ಕೆಳಗಿದ್ದರೆ ಜಠರಕ್ಕೆ ಚಾಕು ತಾಗುವುದಿಲ್ಲ. ತಾಗಿತೋ, ಹುಳಿನಾತ ಮೂಗಿಗೆ ಹೊಡೆಯುತ್ತದೆ, ಮಾಂಸಕ್ಕೂ ಹತ್ತುತ್ತದೆ. ಮೂತ್ರಕೋಶವನ್ನೂ ಒಡೆಯದೆ ತೆಗೆಯಬೇಕು. ಆಮೇಲೆ ಎದೆಗೂ ಹೊಟ್ಟೆಗೂ ನಡುವಿನ ಪೊರೆಯಾದ ವಪೆಯನ್ನು ಕತ್ತರಿಸಿ, ಮೊಣಕೈವರೆಗೆ ಕೈ ಒಳಗಿಟ್ಟು, ಕಣ್ಣಿಗೆ ಕಾಣದ ಶ್ವಾಸನಾಳವನ್ನು ತಡವಿ ಹಿಡಿದು ಕೊಯ್ಯಬೇಕು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಒಳಗೆ ಕೈಗೆ ಹಿತವಾಗುವಷ್ಟು ಬಿಸಿ. ಆ ಬಿಸಿ ಹಲವರಿಗೆ ತಡೆಯಲಾಗುವುದಿಲ್ಲ. ಅಂಗಡಿಯ ಮಟನ್ ತಿಂದು ಬೆಳೆದ ನನ್ನ ಗೆಳೆಯನೊಬ್ಬ ಅಲ್ಲೇ ಚಾಕು ಕೆಳಗಿಟ್ಟ, ಮತ್ತೆ ಬೇಟೆಯ ಮಾತೆತ್ತಲಿಲ್ಲ. ಅವನು ಆ ವೇಳೆಗೆ ಏನನ್ನೂ ಕೊಂಡಿರಲಿಲ್ಲ, ಯಾವ ಪ್ರಾಣಿಯನ್ನೂ ಕೊಂದಿರಲಿಲ್ಲ. ನಿಮಗೂ ಇದು ಆಗುತ್ತದೋ ಇಲ್ಲವೋ ಎಂಬುದು ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ತಿಳಿದಿರಲಿ.

ಬಂದೂಕು ಬೇಟೆಯ ಮುಖ್ಯ ಅವಧಿ ಒಂಬತ್ತು ದಿನ, ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಂದಿನ ಶನಿವಾರ ಶುರು. ಕೆಲಸದ ಬಹುಪಾಲು ಮರಸಿಗೆ ಕೂರುವುದೇ, ಅಂದರೆ ಅಡಗಿ ಕಾಯುವುದೇ. ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ. 2016ರಿಂದ ಹೊಳೆಯುವ ಗುಲಾಬಿಗೂ ಅನುಮತಿ ಇದೆ. ಜಿಂಕೆಗೆ ಕಿತ್ತಳೆ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ. ಆದರೆ ನೀವು ಮೂಗು ಒರೆಸಿದರೆ ಕಾಣುತ್ತದೆ, ಗಾಳಿ ನಿಮ್ಮಿಂದ ಅದರತ್ತ ಬೀಸಿದರೆ ಕಾಣುವ ಅಗತ್ಯವೂ ಇಲ್ಲ, ವಾಸನೆಯೇ ಸಾಕು. ಹಾಗಾಗಿ ಜಾಗ ಆರಿಸುವಾಗ ಹೆಜ್ಜೆ ಗುರುತಿಗಿಂತ ಮೊದಲು ಗಾಳಿ ನೋಡಿ. ಮರದ ಮೇಲಿನ ಅಟ್ಟಣೆ ಹತ್ತುವುದಾದರೆ ನೆಲ ಬಿಟ್ಟ ಕ್ಷಣದಿಂದ ಮೈತುಂಬ ಬಿಗಿಯುವ ಹಾರ್ನೆಸ್ ಇರಲಿ. ಬಂದೂಕನ್ನು ಖಾಲಿಮಾಡಿ ಹಗ್ಗ ಕಟ್ಟಿ ಆಮೇಲೆ ಎಳೆದುಕೊಳ್ಳಿ. ಬೇಟೆಗಾರರಿಗೆ ಗುಂಡಿನಷ್ಟೇ ಭಯ ಬೀಳುವುದರದ್ದೂ ಇರಬೇಕು.

ಜಿಂಕೆ ಅಡ್ಡವಾಗಿ ನಿಂತಾಗ, ಮುಂಗಾಲಿನ ಭುಜದ ಹಿಂದೆ, ಶ್ವಾಸಕೋಶಕ್ಕೆ ಗುರಿಯಿಡಿ. ಅದರ ಆಚೆಗೆ ಏನಿದೆ ಎಂದು ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ. ಈಡು ತಗುಲಿದ ಮೇಲೂ ಅದು ಓಡಬಹುದು. ಕಣ್ಣೆದುರೇ ಬೀಳದಿದ್ದರೆ ಕೂಡಲೇ ಬೆನ್ನು ಹತ್ತದೆ ಅರ್ಧ ಗಂಟೆಯಾದರೂ ಕಾಯಿರಿ. ಎಲೆಯ ಮೇಲಿನ ರಕ್ತ ಸಾಬೂನಿನ ನೊರೆಯಂತೆ ಗುಳ್ಳೆಗುಳ್ಳೆಯಾಗಿ ತಿಳಿಗೆಂಪಾಗಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹೆಚ್ಚು ದೂರ ಹೋಗಿರುವುದಿಲ್ಲ. ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ. ಗಂಟೆಗಟ್ಟಲೆ ಕಾಯಬೇಕು, ಆ ಕಾಯುವಿಕೆ ನರಕ.

ಹೊಡೆದ ಮರುದಿನ ಸಂಜೆ 5ರೊಳಗೆ ಆನ್‌ಲೈನ್‌ನಲ್ಲೋ ಫೋನ್‌ನಲ್ಲೋ ನೋಂದಾಯಿಸಬೇಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ, ಜಿಂಕೆಯ ಮಿದುಳನ್ನು ತಿನ್ನುವ ರೋಗ ಇಲ್ಲಿ 2002ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಹರಡಿದ ದಾಖಲೆಯಿಲ್ಲ, ಆದರೂ ಸೋಂಕಿದ್ದ ಜಿಂಕೆಯನ್ನು ತಿನ್ನಬೇಡಿ ಎಂದೇ ಆರೋಗ್ಯ ಸಂಸ್ಥೆಗಳ ಸಲಹೆ. ಬೇಯಿಸಿದರೆ ಹೋಗುವ ರೋಗವಲ್ಲ. ಕುತ್ತಿಗೆ ಸಮೇತ ತಲೆಯನ್ನು ಇಲಾಖೆಯ ಪೆಟ್ಟಿಗೆಯಲ್ಲಿಟ್ಟರೆ ಪರೀಕ್ಷೆ ಉಚಿತ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ.

ಇಷ್ಟೆಲ್ಲ ಮುಗಿದು ಮುಂದಿನ ವರ್ಷವೂ ಆಸೆ ಉಳಿದರೆ .243 ಅಥವಾ .308 ಅಳತೆಯ ತೋಟಾ ಹಾರಿಸುವ ರೈಫಲ್ ಯಾವುದಾದರೂ ಸಾಕು, ಹಳೆಯದೇ ಕೊಳ್ಳಿ. ಉಳಿದ ಹಣವನ್ನು ಬೂಟಿಗೆ ಹಾಕಿ. ಕಾಲು ಮರಗಟ್ಟಿದವನಿಗೆ ಯಾವ ರೈಫಲೂ ಒಂದೇ. ಇನ್ನು ಅಡುಗೆ: ಜಿಂಕೆಯ ಕೊಬ್ಬು ಮೇಣದಂತಿದ್ದು ನಾಲಗೆಗೆ ಅಂಟುತ್ತದೆ, ಪೂರ್ತಿ ಬಿಡಿಸಿ ಎಸೆಯಿರಿ. ಬೆನ್ನಿನ ಮಾಂಸವನ್ನು ಕಾಳುಮೆಣಸು ಹಾಕಿ ಜೋರು ಉರಿಯಲ್ಲಿ ಬೇಗನೆ ಹುರಿಯಿರಿ, ತೊಡೆಯದನ್ನು ಕೈಮಾ ಮಾಡಿಸಿ. ಫೋಟೋವನ್ನು ಮಾತ್ರ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಬಲ್ಲ ಚಿಕ್ಕಪ್ಪಂದಿರು ಅಲ್ಲೇ ನಿಮ್ಮನ್ನು ಬಂಧಿಸಿಬಿಡುತ್ತಾರೆ.