ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿಸಿಲ್ಲ, ಆದರೂ ಮತ್ತೆ ಲಕ್ವ ಏಕೆ?

ಪ್ರಶ್ನೆ: ತಂದೆಯವರಿಗೆ 74 ವರ್ಷ, ತೂಕ 57 ಕೆ.ಜಿ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಲಯ ತಪ್ಪುವ ತೊಂದರೆ) ಇದೆ. ಕಳೆದ ವರ್ಷ ಲಕ್ವ ಹೊಡೆದಾಗಿನಿಂದ ರಕ್ತ ತೆಳುವಾಗಿಸುವ ಅಪಿಕ್ಸಬಾನ್ 2.5 ಎಂ.ಜಿ. ದಿನಕ್ಕೆರಡು ಸಲ ಕೊಡುತ್ತಿದ್ದೇವೆ. ಆಗ ಫಿಟ್ಸ್ ಬಂದಿದ್ದರಿಂದ ಫೆನಿಟಾಯಿನ್ ಕೂಡ ಇದೆ. ಒಂದು ಹೊತ್ತೂ ತಪ್ಪಿಸಿಲ್ಲ. ಆದರೂ ಹೋದ ತಿಂಗಳು ಬಲಗೈ ಸೋತು ಮಾತು ತೊದಲಿತು. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) 1.0 ಇದೆ. ಆಸ್ಪಿರಿನ್ ಸೇರಿಸಬೇಕೆ? ಸೊಪ್ಪು ಬಿಡಿಸಬೇಕೆ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಡೋಸ್ ನೋಡಿ. ಅಪಿಕ್ಸಬಾನಿನ ಪೂರ್ತಿ ಡೋಸ್ 5 ಎಂ.ಜಿ., ದಿನಕ್ಕೆರಡು ಸಲ. ವಯಸ್ಸು 80 ಅಥವಾ ಹೆಚ್ಚಿರುವುದು, ತೂಕ 60 ಕೆ.ಜಿ. ಮೀರದಿರುವುದು, ಕ್ರಿಯಾಟಿನಿನ್ 1.5 ಅಥವಾ ಹೆಚ್ಚಿರುವುದು, ಈ ಮೂರರಲ್ಲಿ ಎರಡಾದರೂ ಇದ್ದರೆ ಮಾತ್ರ ಸಾಮಾನ್ಯವಾಗಿ 2.5ಕ್ಕೆ ಇಳಿಸುತ್ತಾರೆ. ನಿಮ್ಮ ತಂದೆಯವರಿಗೆ ಇರುವುದು ತೂಕವೊಂದೇ. ವಯಸ್ಸಾದವರು, ರಕ್ತಸ್ರಾವವಾದೀತು ಎಂಬ ಅಂಜಿಕೆಯಿಂದ ಅರ್ಧ ಡೋಸ್ ಬರೆಯುವುದುಂಟು. ಆ ಅಂಜಿಕೆಯಿಂದ ಹೃದಯದ ಎಡಮೇಲ್ಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುವುದಿಲ್ಲ.

ನನಗೆ ಅದಕ್ಕಿಂತ ಅನುಮಾನ ಬರುವುದು ಫೆನಿಟಾಯಿನ್ ಮೇಲೆ. ಅದು ಅಪಿಕ್ಸಬಾನನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಹೊತ್ತಿಗೆ ಸರಿಯಾಗಿ ನುಂಗಿದರೂ ರಕ್ತದಲ್ಲಿ ಉಳಿಯುವುದು ಕಡಿಮೆ. ಕಾರ್ಬಮಜಪೈನ್, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಮಾಡುವುದೂ ಇದನ್ನೇ. ಹಾಗೆಂದು ಫೆನಿಟಾಯಿನ್ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸಬಹುದು. ನೀವಾಗಿಯೇ ಅಪಿಕ್ಸಬಾನ್ ಎರಡೆರಡು ಕೊಡುವುದೂ ಬೇಡ. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಟ್ಟಿಗೆ ಕೊಂಡೊಯ್ದು ನರರೋಗ ತಜ್ಞರ ಮುಂದಿಡಿ. ಡೋಸ್ ಮತ್ತು ಫಿಟ್ಸ್ ಮಾತ್ರೆ ಎರಡನ್ನೂ ಅವರೇ ಬದಲಿಸಲಿ.

ಆಸ್ಪಿರಿನ್ ಬೇಡ. ಸ್ಟೆಂಟ್ ಅಥವಾ ಇತ್ತೀಚಿನ ಹೃದಯಾಘಾತದಂಥ ಬೇರೆ ಕಾರಣವಿಲ್ಲದಿದ್ದರೆ ಅದರಿಂದ ಹೆಚ್ಚುವುದು ರಕ್ತಸ್ರಾವ ಮಾತ್ರ. ಸೊಪ್ಪಿನ ಚಿಂತೆ ವಾರ್ಫರಿನ್, ಅಸಿಟ್ರಾಮ್ ಎಂಬ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ನುಂಗುವವರದು. ಅವರೂ ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಅಷ್ಟೇ ತಿಂದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 2ರಿಂದ 3ರೊಳಗೆ ಇಟ್ಟುಕೊಂಡರಾಯಿತು.

ಎರಡನೇ ಸಲದ ಲಕ್ವ ಹೃದಯದಿಂದಲೇ ಬಂತೆನ್ನುವ ಖಾತ್ರಿಯೂ ಇಲ್ಲ. ಕತ್ತಿನ ರಕ್ತನಾಳ ಕಿರಿದಾಗಿದ್ದರೆ, ಬಿ.ಪಿ.ಯಿಂದ ಮಿದುಳಿನ ಸಣ್ಣ ನಾಳಗಳು ಕೆಟ್ಟಿದ್ದರೆ ಈ ಮಾತ್ರೆಯೊಂದೇ ಸಾಲದು. ಎಂಆರ್‌ಐ, ಕತ್ತಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್), ಎಕೋ (ಹೃದಯದ ಸ್ಕ್ಯಾನ್) ಮೂರೂ ಆಗಿವೆಯೇ ಕೇಳಿ. ಎಕೋದಲ್ಲಿ ಹೃದಯದ ಮೈಟ್ರಲ್ ಕವಾಟ ಸಾಕಷ್ಟು ಕಿರಿದಾಗಿರುವುದು ಕಂಡರೆ ಅಪಿಕ್ಸಬಾನ್ ಬಿಟ್ಟು ವಾರ್ಫರಿನ್‌ಗೇ ಹೋಗಬೇಕಾಗುತ್ತದೆ.

ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ ಹೆಚ್ಚುವರಿ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದರೆಂದು ಅಲ್ಲಿ ಮೊದಲೇ ಹೇಳಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದೇ ಎಂದು ತೀರ್ಮಾನಿಸುವಾಗ ವೈದ್ಯರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.